ಬೇಯಿಸಿದ ಬಾಲೆ

ಆ ದಿನದ ಇಡೀ ರಾದ್ಧಾಂತಕ್ಕೆ ಕಾರಣ ಒಬ್ಬಳು ಬಾಲೆ. ಹಾಗೆಂದ ತಕ್ಷಣ ಯಾರೂ ಕಿವಿ ನಿಮಿರಿಸಬೇಕಾಗಿಲ್ಲ. ಅದು ಹುಡುಗಿಯಲ್ಲ, ಬಾಳೆಕಾಯಿ. ದ್ವೀಪದ ಕಡಲ ದಂಡೆಯಲ್ಲಿದ್ದ ಒಂದು ಹೋಟೆಲಿನ ಮೆನು ಕಾರ್ಡಿನಲ್ಲಿ, ಮೇಲಿನಿಂದ ನಾಲ್ಕನೆಯ ಸಾಲಿನಲ್ಲಿ, ‘ಬೇಯಿಸಿದ ಬಾಲೆ’ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ರಜೆಗೆ ಬಂದ ಬೇರೆ ಯಾರಾದರೂ ಆಗಿದ್ದರೆ ನಕ್ಕು, ಒಂದು ಫೋಟೋ ಹಿಡಿದುಕೊಂಡು, ಬಾಳೆಕಾಯಿ ತಿಂದು, ಬಾಯಿ ಒರೆಸಿಕೊಂಡು ಎದ್ದು ಹೋಗುತ್ತಿದ್ದರು. ಗ್ರಹಚಾರಕ್ಕೆ ಕಾರ್ಡು ಸಿಕ್ಕಿದ್ದು ಕೊಂಬಣ್ಣನ ಕೈಗೆ.

ಕೊಂಬಣ್ಣ ಎಂಬುದು ತಂದೆತಾಯಿ ಇಟ್ಟ ಹೆಸರಲ್ಲ. ಅವನು ಇಪ್ಪತ್ತಾರು ವರ್ಷಗಳಿಂದ ಒಂದು ಪ್ರೆಸ್ಸಿನಲ್ಲಿ ಪ್ರೂಫ್ ನೋಡುವ ಕೆಲಸ ಮಾಡುತ್ತಿದ್ದ. ಅಚ್ಚಿಗೆ ಹೋಗುವ ಪ್ರತಿ ಹಾಳೆಯನ್ನೂ ಓದಿ, ತಪ್ಪಿದ್ದಲ್ಲಿ ಕೆಂಪು ಗೆರೆ ಎಳೆಯುವುದು ಅವನ ಕಸುಬು. ಅದರಲ್ಲೂ ಅಕ್ಷರದ ಪಕ್ಕದ ಕೊಂಬು ಬಿಟ್ಟುಹೋಗಿದ್ದರೆ ಅವನಿಗೆ ಮೈಯೆಲ್ಲ ಉರಿದುಹೋಗುತ್ತಿತ್ತು. “ಕೊಂಬು ಎಲ್ರೀ? ಈ ಸಾಲಿನ ಕೊಂಬು ಯಾರು ನುಂಗಿದ್ರು?” ಎಂದು ಅವನು ಕೂಗಿದರೆ ಯಂತ್ರದ ಸದ್ದನ್ನೂ ಮೀರಿ ಕೇಳಿಸುತ್ತಿತ್ತು. ತನಗೇ ಕೊಂಬು ಬಂದಿದೆ ಎಂದು ಯಾವತ್ತೂ ಮೆರೆಯದ ಆ ಸಾಧು ಮನುಷ್ಯನಿಗೆ ಸಹೋದ್ಯೋಗಿಗಳು ಕೊಂಬಣ್ಣ ಎಂದು ನಾಮಕರಣ ಮಾಡಿದ್ದು ಹೀಗೆ.

ಕೆಲಸ ಪ್ರೆಸ್ಸಿನ ಬಾಗಿಲಲ್ಲೇ ನಿಂತಿದ್ದರೆ ಯಾರಿಗೂ ತೊಂದರೆ ಇರುತ್ತಿರಲಿಲ್ಲ. ಅದು ಅವನ ಹಿಂದೆಯೇ ಮನೆಗೂ ಬರುತ್ತಿತ್ತು, ಹೋಟೆಲಿಗೂ ಬರುತ್ತಿತ್ತು. ಹೋಟೆಲಿನಲ್ಲಿ ಕೂತನೆಂದರೆ ಮೊದಲು ಮೆನು ತಿದ್ದಬೇಕು, ಆಮೇಲೆ ‘ಕೈ ತೊಳೆಯುವ ಸ್ತಳ’ ಎಂಬ ಬೋರ್ಡಿನ ಹತ್ತಿರ ಹೋಗಬೇಕು, ಆಮೇಲೆ ಮಾಲೀಕನಿಗೆ ‘ಥ’ ಯಾಕೆ ಬೇಕು ಎಂದು ತಿಳಿಹೇಳಬೇಕು. ಅಷ್ಟರಲ್ಲಿ ತಟ್ಟೆಯಲ್ಲಿದ್ದದ್ದು ಆರಿ ಕಲ್ಲಾಗಿರುತ್ತಿತ್ತು. ಎದುರಿನ ಕುರ್ಚಿಯಲ್ಲಿ ಹೆಂಡತಿ ಒಬ್ಬಳೇ ಊಟ ಮುಗಿಸಿ, ಲೋಟದ ತಳದ ನೀರು ನೋಡುತ್ತ ಕೂತಿರುತ್ತಿದ್ದಳು.

ಅದಕ್ಕೇ ದ್ವೀಪಕ್ಕೆ ಬರುವ ದೋಣಿಯಲ್ಲಿ ಅವಳು ಮಾತು ತೆಗೆದುಕೊಂಡಿದ್ದಳು.

“ನೋಡ್ರೀ, ನಾಲ್ಕು ದಿನ. ಹೊರಗಡೆ ಊಟ. ನಿಮ್ಮ ಕಣ್ಣು ನನ್ನ ಕಡೆ ಇರ್ಬೇಕು, ಕಾರ್ಡಿನ ಕಡೆ ಅಲ್ಲ. ಒಂದೇ ಒಂದು ಅಕ್ಷರ ತಿದ್ದಿದ್ರೂ ಅಷ್ಟೇ. ಜನ್ಮದಲ್ಲಿ ಇನ್ನೊಂದು ಸಲ ನಿಮ್ಮ ಜೊತೆ ಹೋಟೆಲಿಗೆ ಬರಲ್ಲ.”

“ಆಯ್ತು ಕಣೇ,” ಎಂದಿದ್ದ ಕೊಂಬಣ್ಣ. ಅವಳು ಆಡಿದ ಮಾತಿಗೆ ತಪ್ಪುವವಳಲ್ಲ ಎಂಬುದು ಅವನಿಗೆ ಗೊತ್ತಿತ್ತು. ಅವಳ ಎದುರು ಕೂತು ಊಟ ಮಾಡುವುದೆಂದರೆ ಅವನಿಗೆ ನಿಜಕ್ಕೂ ಇಷ್ಟ ಎಂಬುದೂ ಅಷ್ಟೇ ನಿಜ. ಅದನ್ನು ಬಾಯಿಬಿಟ್ಟು ಹೇಳಿದವನಲ್ಲ, ಅಷ್ಟೆ.

ಮೂರು ದಿನ ಅವನು ಮಾತು ಉಳಿಸಿಕೊಂಡ. ಕಾರ್ಡು ಬಂದರೆ ಹೆಂಡತಿಯ ಕಡೆ ತಳ್ಳಿ ಕಡಲು ನೋಡುತ್ತಿದ್ದ. ‘ಇಂದಿನ ವಿಷೇಶ’ ಎಂಬ ಬೋರ್ಡಿನ ಎದುರೇ ಕೂರಬೇಕಾಗಿ ಬಂದಾಗ ಕಣ್ಣು ಮುಚ್ಚಿಕೊಂಡು ಸಾರು ಕುಡಿದ. ಬಿಸಿ ಊಟ ಇಷ್ಟು ರುಚಿ ಎಂಬುದು ಅವನಿಗೆ ಹೊಸ ಸಂಗತಿಯಾಗಿತ್ತು. ನಿದ್ದೆಯಲ್ಲಿ ಮಾತ್ರ ‘ಕೊಂಬು, ಕೊಂಬು’ ಎಂದು ಕನವರಿಸುತ್ತಿದ್ದನಂತೆ.

ನಾಲ್ಕನೆಯ ದಿನ, ಅಂದರೆ ಕೊನೆಯ ದಿನ, ಹೆಂಡತಿ ಪಕ್ಕದ ಕೋಣೆಯ ಹೆಂಗಸರ ಜೊತೆ ತಳಕ್ಕೆ ಗಾಜು ಹಾಕಿದ ದೋಣಿಯಲ್ಲಿ ಮೀನು ನೋಡಲು ಹೊರಟಳು. ದೋಣಿ ಅಲ್ಲಾಡಿದರೆ ಕೊಂಬಣ್ಣನ ಹೊಟ್ಟೆಯೂ ಅಲ್ಲಾಡುತ್ತಿದ್ದುದರಿಂದ ಅವನು ದಡದಲ್ಲೇ ಉಳಿದ.

“ಸಂಜೆ ಊಟಕ್ಕೆ ಜಾಗ ಹೇಳಿಟ್ಟಿದೀನಿ. ಎಲ್ಲಿ ಅಂತ ಕೇಳ್ಬೇಡಿ,” ಎಂದು ನಕ್ಕು ದೋಣಿ ಹತ್ತಿದಳು.

ಹಾಗೆ ಒಂಟಿಯಾಗಿ, ಚಹಾ ತಿಂಡಿ ಮುಗಿಸೋಣವೆಂದು ಅವನು ಹೊಕ್ಕಿದ್ದು ದೊಡ್ಡಕ್ಕನ ಹೋಟೆಲು. ದಂಡೆಯ ಏಳು ಹೋಟೆಲುಗಳವರೂ ಆಕೆಯನ್ನು ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ಮೈಕಟ್ಟಿನಲ್ಲೂ ಆಕೆ ಆ ಹೆಸರಿಗೆ ಮೋಸ ಮಾಡಿರಲಿಲ್ಲ. ಮುಂದುಗಡೆ ನಾಲ್ಕು ಬೆಂಚು, ಹಿಂದುಗಡೆ ನೀರಿನ ಮೇಲೆ ಹಲಗೆ ಹಾಸಿದ ಜಗಲಿ, ನಡುವೆ ಒಲೆ. ಕಾರ್ಡು ತಂದು ಮುಂದಿಟ್ಟು ಆಕೆ ಒಲೆಯ ಕಡೆ ಹೋದಳು.

ಕೊಂಬಣ್ಣ ಕಡಲು ನೋಡಿದ. ಕಡಲು ನಿನ್ನೆ ಇದ್ದ ಹಾಗೇ ಇತ್ತು. ಛಾವಣಿ ನೋಡಿದ. ಆಮೇಲೆ, ಸುಮ್ಮನೆ, ಒಂದೇ ಒಂದು ಕ್ಷಣ, ಕಾರ್ಡು ನೋಡಿದ. ಬೇಯಿಸಿದ ಬಾಲೆ.

ಅವನ ಬಲಗೈ ತಾನೇ ತಾನಾಗಿ ಎದ್ದಿತು. ಗಲ್ಲಾದ ಪಕ್ಕ ದಾರ ಕಟ್ಟಿ ನೇತುಹಾಕಿದ್ದ ಪೆನ್ಸಿಲ್ಲು ಅವನ ಬೆರಳಿಗೆ ಹೇಗೆ ಬಂತೋ ಅವನಿಗೂ ತಿಳಿಯಲಿಲ್ಲ. ‘ಒಂದೇ ಅಕ್ಷರ. ಯಾರಿಗೂ ಗೊತ್ತಾಗಲ್ಲ’ ಎಂದುಕೊಂಡು ‘ಲೆ’ಯ ಮೇಲೆ ಒಂದು ಗೀಟು ಎಳೆದು, ಪಕ್ಕದಲ್ಲಿ ಇರುವೆಯಷ್ಟು ಸಣ್ಣದಾಗಿ ‘ಳೆ’ ಬರೆದ. ಮೂರು ದಿನದಿಂದ ಕಟ್ಟಿಕೊಂಡಿದ್ದ ಮೂಗು ಒಮ್ಮೆಲೇ ಬಿಟ್ಟಂತಾಯಿತು.

“ಏನ್ ಸಾರ್ ಅದು, ನನ್ನ ಕಾರ್ಡಲ್ಲಿ ಗೀಚ್ತಾ ಇದೀರಾ?” ದೊಡ್ಡಕ್ಕ ಸೌಟು ಹಿಡಿದು ಬೆನ್ನಹಿಂದೆಯೇ ನಿಂತಿದ್ದಳು.

“ಗೀಚಿಲ್ಲಮ್ಮ, ತಿದ್ದಿದೆ. ಇದು ಬಾಳೆ ಆಗ್ಬೇಕು. ನೀವು ಬಾಲೆ ಅಂತ ಬರೆಸಿದೀರಿ. ಅಂದ್ರೆ ಹುಡುಗಿ. ಹುಡುಗೀನ ಬೇಯಿಸಿ ಕೊಡ್ತೀವಿ ಅಂತ ಆಗುತ್ತೆ.”

ದೊಡ್ಡಕ್ಕನ ಸೌಟು ನಿಧಾನವಾಗಿ ಕೆಳಗಿಳಿಯಿತು. “ಅಯ್ಯೋ! ಹನ್ನೆರಡು ವರ್ಷದಿಂದ ಜನ ಈ ಕಾರ್ಡು ನೋಡ್ತಿದ್ದ ಹಾಗೇ ನಗ್ತಾರೆ. ನಮ್ಮ ಹೋಟೆಲಿಗೆ ಬಂದ್ರೆ ಎಲ್ರಿಗೂ ಖುಷಿಯಾಗುತ್ತೆ ಅಂತ ನಾನು ಊರೆಲ್ಲ ಹೇಳ್ಕೊಂಡು ಬಂದಿದೀನಲ್ಲ ಸಾರ್!”

ಆಕೆ ಎದುರಿನ ಬೆಂಚಿನಲ್ಲಿ ಕುಸಿದು ಕೂತಳು. ಇನ್ನೂ ಏನೇನಿದೆ ಹೇಳಿ ಎಂದು ಕಾರ್ಡನ್ನು ಅವನ ಕಡೆಗೇ ತಳ್ಳಿದಳು. ಕೊಂಬಣ್ಣನಿಗೆ ಕನಿಕರ ಬಂತು. ಹೇಗೂ ಒಂದು ತಿದ್ದಿಯಾಯಿತು, ಮಾತು ಮುರಿದಾಯಿತು. ಮುರಿದ ಮೇಲೆ ಒಂದಾದರೇನು, ಹತ್ತಾದರೇನು?

“ಇಲ್ನೋಡಿ, ‘ತೆಂಗಿನ ಹಾಳು’. ಹಾಲು ಆಗ್ಬೇಕು. ‘ಹನಾನಸ್ ರಸ’. ಅನಾನಸ್. ‘ಹಕ್ಕಿ ಗಂಜಿ’. ಅಮ್ಮಾ, ಇಲ್ಲೆಲ್ಲ ಹ ಬರಬಾರದು. ಅ ಬರ್ಬೇಕು. ಅಕ್ಕಿ ಗಂಜಿ.”

“ಹಕ್ಕಿ ಅಲ್ವಾ?” ದೊಡ್ಡಕ್ಕ ಹಣೆ ಚಚ್ಚಿಕೊಂಡಳು. “ಅದಕ್ಕೇ ಜನ ಗಂಜಿ ಕಲಕಿ ಕಲಕಿ ‘ಹಕ್ಕಿ ಎಲ್ಲಿ’ ಅಂತ ಜಗಳ ತೆಗೀತಿದ್ರಾ! ಜಗಳ ಯಾಕೆ ಅಂತ ನಾನು ಪ್ರತಿ ಬಟ್ಟಲಿಗೂ ಒಂದೊಂದು ತುಂಡು ಕೋಳಿ ಹಾಕ್ತಾ ಬಂದಿದೀನಿ!”

ಚಹಾ ಒಲೆಯ ಮೇಲೆ ಉಕ್ಕಿ ಹರಿಯಿತು. ಅದನ್ನು ಕೇಳುವವರೇ ಇರಲಿಲ್ಲ.

ದಂಡೆಯ ಹೋಟೆಲುಗಳ ನಡುವೆ ಗೋಡೆ ಎನ್ನುವುದಿಲ್ಲ, ಬಿದಿರ ತಟ್ಟಿ ಅಷ್ಟೆ. ಸುದ್ದಿಗೆ ಕಾಲು ಬರಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಎರಡನೆಯ ಹೋಟೆಲಿನ ಮೀಸೆಯ ಅಡುಗೆಯವನು ತಟ್ಟಿಯ ಮೇಲಿಂದ ಕುತ್ತಿಗೆ ಚಾಚಿ, “ದೊಡ್ಡಕ್ಕ, ಅವರನ್ನ ಹಂಗೇ ಈ ಕಡೆ ಕಳಿಸು,” ಎಂದ. ತಿಂಡಿ ತಿಂದು ಬರುತ್ತೇನೆ ಎಂದು ಕೊಂಬಣ್ಣ ಹೇಳಲು ನೋಡಿದ. “ನಮ್ಮಲ್ಲೇ ತಿನ್ನೋರಂತೆ ಬನ್ನಿ ಸಾರ್!” ಎಂದು ಮೀಸೆಯವನು ರಟ್ಟೆ ಹಿಡಿದು ಎಳೆದುಕೊಂಡು ಹೋದ.

ಅಲ್ಲಿ ಬೇರೆಯೇ ಪೇಚು. ಮೊದಲ ಸಾಲೇ ‘ಹರಿದ ಮೀನು’. ಕೊಂಬು ಕಾಣೆಯಾದುದನ್ನು ಕಂಡು ಕೊಂಬಣ್ಣ ಹುರುಪಿನಿಂದ ಪೆನ್ಸಿಲ್ಲು ಎತ್ತಿದ. “ಹುರಿದ ಮೀನು ಆಗ್ಬೇಕಪ್ಪ. ಕೊಂಬು ಬಿಟ್ಟುಹೋಗಿದೆ.”

“ಇಲ್ಲ ಸಾರ್, ಹರಿದದ್ದೇ.”

“ಹರಿದದ್ದೇ ಅಂದ್ರೆ?”

“ಕಾರ್ಡಲ್ಲಿ ಹರಿದ ಅಂತಿದೆ, ಅದಕ್ಕೆ ನಾನು ಮೀನನ್ನ ಕೈಯಲ್ಲೇ ಹರಿದು ಕೊಡ್ತೀನಿ. ಜನ ಅದಕ್ಕೇ ಹುಡುಕ್ಕೊಂಡು ಬರ್ತಾರೆ.”

ಇಪ್ಪತ್ತಾರು ವರ್ಷದ ಅನುಭವದಲ್ಲಿ ಕೊಂಬಣ್ಣನಿಗೆ ಇಂಥದು ಎದುರಾಗಿರಲಿಲ್ಲ. ತಪ್ಪೇ ಮೊದಲು ಹುಟ್ಟಿ, ಪದಾರ್ಥ ಆಮೇಲೆ ಹುಟ್ಟಿತ್ತು. ಅವನು ತಲೆ ಕೆರೆದುಕೊಂಡು ಕೇಳಿದ, “ಹರಿದ ಮೇಲೆ ಏನ್ಮಾಡ್ತೀಯಾ?”

“ಹುರೀತೀನಿ.”

“ಹಾಗಾದ್ರೆ ‘ಹರಿದು ಹುರಿದ ಮೀನು’ ಅಂತ ಬರಿ. ನಿನ್ನ ಮಾತೂ ಉಳೀತು, ನನ್ನ ಕೊಂಬೂ ಉಳೀತು.”

ಮೀಸೆಯವನು ಇಷ್ಟಗಲ ನಕ್ಕ. ಮೀನು ತಿನ್ನಿಸಬೇಕೆಂದು ಬಾಣಲೆಯ ಕಡೆ ತಿರುಗಿದ. ಅಷ್ಟರಲ್ಲಿ ಮೂರನೆಯ ಹೋಟೆಲಿನವರು ಬಂದು ಬಾಗಿಲಲ್ಲಿ ನಿಂತಿದ್ದರು.

ಮೂರನೆಯದರಲ್ಲಿ ‘ವಿಷೇಶ’. “ಮೊದಲು ವಿಷ ಕೊಟ್ಟು ಆಮೇಲೆ ಈಶನ ಹೆಸರು ಹೇಳಿದ ಹಾಗಿದೆ” ಎಂದು ಅವನು ವಿವರಿಸಿದ. ನಾಲ್ಕನೆಯದರಲ್ಲಿ ಊಟವೆಲ್ಲ ಉಟವಾಗಿತ್ತು. ಐದು, ಆರು, ಏಳು ಮುಗಿಯುವಾಗ ಸೂರ್ಯ ನೆತ್ತಿ ದಾಟಿದ್ದ. ಕಾರ್ಡುಗಳೆಲ್ಲ ಕೊಂಬಣ್ಣನ ಮುಂದೆ ಪೇರಿಸಿದ್ದರಿಂದ ಗಿರಾಕಿಗಳಿಗೆ ಏನು ಕೇಳಬೇಕೆಂದು ಗೊತ್ತಾಗುತ್ತಿರಲಿಲ್ಲ. ಮಾಲೀಕರೆಲ್ಲ ಅವನ ಸುತ್ತ ನೆರೆದದ್ದರಿಂದ ಕೇಳಿದರೂ ಕೊಡುವವರು ಇರಲಿಲ್ಲ. ಬೆಳಗಿನಿಂದ ಏಳು ಹೋಟೆಲು ಸುತ್ತಿ, ಇನ್ನೂರು ಪದಾರ್ಥಗಳ ಹೆಸರು ಓದಿ, ಕೊಂಬಣ್ಣನ ಬಾಯಿಗೆ ಬಿದ್ದದ್ದು ಪೆನ್ಸಿಲ್ಲಿನ ತುದಿ ಮಾತ್ರ.

ಆಗ ಬಂದವನು ಕಾರ್ಡು ಬರೆಯುವವನು. ಆ ಏಳೂ ಹೋಟೆಲಿನ ಕಾರ್ಡು, ಬೋರ್ಡು ಎಲ್ಲ ಬರೆದ ಕೈ ಅವನದು. ಉಳಿದ ಹೊತ್ತಿನಲ್ಲಿ ದೋಣಿಕಟ್ಟೆಯಲ್ಲಿ ಟಿಕೆಟು ಹರಿದು, ಹಗ್ಗ ಕಟ್ಟುತ್ತಿದ್ದ. ಕಡ್ಡಿಯಂಥ ಮನುಷ್ಯ, ಕಿವಿಯ ಸಂದಿಯಲ್ಲಿ ಕುಂಚ.

“ಯಾರ್ರೀ ಅದು ನನ್ನ ಅಕ್ಷರದ ಮೇಲೆ ಕೈ ಹಾಕಿದ್ದು?”

ಏಳು ಜನ ಮಾಲೀಕರೂ ಒಟ್ಟಿಗೆ ಬೆರಳು ತೋರಿಸಿದರು. ಇಷ್ಟು ಹೊತ್ತು ‘ಸಾರ್, ಸಾರ್’ ಎಂದವರು ಇವರೇನಾ ಎಂದು ಕೊಂಬಣ್ಣನಿಗೆ ಅನುಮಾನ ಬಂತು.

“ನೋಡಿ ಸ್ವಾಮಿ,” ಎಂದ ಬರೆಯುವವನು, “ಹಸಿದು ಬಂದೋನಿಗೆ ನನ್ನ ಅಕ್ಷರ ಅರ್ಥ ಆಗುತ್ತೆ. ಹೊಟ್ಟೆ ತುಂಬಿದೋರಿಗೆ ಮಾತ್ರ ತಪ್ಪು ಕಾಣ್ಸೋದು.”

“ನಾನು ಬೆಳಗಿಂದ ಏನೂ ತಿಂದಿಲ್ಲಪ್ಪ,” ಎಂದ ಕೊಂಬಣ್ಣ. ಅಷ್ಟು ದೀನವಾಗಿ ನಿಜ ಹೇಳಿದವನನ್ನು ಬೈಯುವುದು ಹೇಗೆಂದು ಆ ಮನುಷ್ಯನಿಗೆ ತೋಚಲಿಲ್ಲ. ಕಾರ್ಡೊಂದನ್ನು ಎತ್ತಿ ನೋಡಿದ. ಗೀಟು, ಗೀಟಿನ ಮೇಲೆ ಗೀಟು, ಅಂಚಿನಲ್ಲಿ ಬಾಲ ಬಿಟ್ಟ ಗುರುತುಗಳು. ಗಾಯಕ್ಕೆ ಹೊಲಿಗೆ ಹಾಕಿದ ಹಾಗಿತ್ತು.

“ಇದನ್ನ ಗಿರಾಕಿ ಮುಂದೆ ಇಡೋಕಾಗುತ್ತಾ? ಎಲ್ಲ ಹೊಸದಾಗಿ ಬರೀಬೇಕು. ನಲವತ್ತಮೂರು ಕಾರ್ಡು. ಸಂಜೆಯೊಳಗೆ. ಬನ್ನಿ ಕಟ್ಟೆಗೆ. ಅಕ್ಷರ ನಂದು, ಕಾಗುಣಿತ ನಿಮ್ದು.”

ದೋಣಿಕಟ್ಟೆಯ ಟಿಕೆಟು ಗೂಡಿನಲ್ಲಿ ಇಬ್ಬರೂ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರು. ಕೊಂಬಣ್ಣ ಹೇಳುತ್ತ ಹೋದ, ಅವನು ಬರೆಯುತ್ತ ಹೋದ. “ವಿ. ಶೇ. ಈಗ ಷ. ಹೊಟ್ಟೆ ಸೀಳಿದ ಷ.” “ಯಾರ ಹೊಟ್ಟೆ ಸ್ವಾಮಿ?” “ಸದ್ಯಕ್ಕೆ ನಂದೇ ಅಂತ ಇಟ್ಕೊ.” ಮೊದಮೊದಲು ಗೊಣಗುತ್ತಿದ್ದವನು ಹತ್ತು ಕಾರ್ಡು ಮುಗಿಯುವಾಗ “ಇಲ್ಲಿ ದೀರ್ಘ ಬರುತ್ತಲ್ವಾ?” ಎಂದು ತಾನಾಗಿ ಕೇಳತೊಡಗಿದ. ಕೊಂಬಣ್ಣನಿಗೆ ಒಳಗೊಳಗೇ ಹಿಗ್ಗು. ತಪ್ಪು ಮಾಡಿದ ಅಳುಕು ಒಂದು ಕಡೆ, ಇಷ್ಟು ಚೆಂದದ ದಿನ ಪ್ರೆಸ್ಸಿನಲ್ಲೂ ಸಿಕ್ಕಿರಲಿಲ್ಲ ಎಂಬ ಸಂತೋಷ ಇನ್ನೊಂದು ಕಡೆ. ಬರೆದ ಕಾರ್ಡುಗಳನ್ನು ಗಾಳಿಗೆ ಹಿಡಿದು ಆರಿಸುವುದೂ ಅವನದೇ ಕೆಲಸ.

ಕೊನೆಯ ಕಾರ್ಡು ಕೈಯಲ್ಲಿರುವಾಗ ಗಾಜಿನ ದೋಣಿ ಕಟ್ಟೆಗೆ ಬಂದು ತಾಗಿತು. ಬರೆಯುವವನು ಹಗ್ಗ ಹಿಡಿಯಲು ಓಡಿದ. ಕೊಂಬಣ್ಣ ಕಾರ್ಡುಗಳ ಕಟ್ಟನ್ನು ಟಿಕೆಟು ಪೆಟ್ಟಿಗೆಯ ಕೆಳಗೆ ತುರುಕಿ, ಹೊರಗೆ ಬಂದು, ಕಡಲು ನೋಡುವವನ ಹಾಗೆ ನಿಂತ.

“ನನ್ನ ಕಾಯ್ತಾ ನಿಂತಿದ್ರಾ?” ಹೆಂಡತಿಯ ಮುಖ ಅರಳಿತು. ಆಮೇಲೆ ಅವನ ಕೈ ನೋಡಿದಳು. “ಬೆರಳೇನು ಇಷ್ಟು ಕಪ್ಪಗಿದೆ?”

“ನೇರಳೆ ಹಣ್ಣು ತಿಂದೆ ಕಣೇ.”

“ಊಟ?”

“ಹೊಟ್ಟೆ ತುಂಬ ಆಯ್ತು.” ಅವನ ಹೊಟ್ಟೆ ಅದನ್ನು ಕೇಳಿ ಗುರ್ ಎಂದಿತು. ಪುಣ್ಯಕ್ಕೆ ದೋಣಿಯ ಎಂಜಿನ್ನು ಇನ್ನೂ ನಿಂತಿರಲಿಲ್ಲ.

ಹೊತ್ತು ಮುಳುಗುವ ಸಮಯಕ್ಕೆ ಹೆಂಡತಿ ಒಳ್ಳೆಯ ಸೀರೆ ಉಟ್ಟು, ಅವನ ಕೈ ಹಿಡಿದುಕೊಂಡು ಹೊರಟಳು. ಒಂದೊಂದೇ ಹೋಟೆಲು ದಾಟುವಾಗ ಕೊಂಬಣ್ಣ ಉಸಿರು ಬಿಗಿ ಹಿಡಿಯುತ್ತಿದ್ದ. ಕೊನೆಗೆ ಅವಳು ನಿಂತದ್ದು ದೊಡ್ಡಕ್ಕನ ಹೋಟೆಲಿನ ಮುಂದೆ.

“ಇಲ್ಲೇನಾ? ಬೇರೆ ಕಡೆ ನೋಡೋಣ್ವಾ? ಇಲ್ಲಿ ಹೊಗೆ ಜಾಸ್ತಿ ಇರುತ್ತೆ,” ಎಂದ.

“ನೀವು ಯಾವಾಗ ಬಂದಿದ್ರಿ ಹೊಗೆ ನೋಡೋಕೆ? ಸುಮ್ನೆ ಬನ್ನಿ.”

ದೊಡ್ಡಕ್ಕ ಇಬ್ಬರನ್ನೂ ಒಟ್ಟಿಗೆ ಕಂಡು ಬಾಯಿ ತೆರೆದಳು. ಹೆಂಡತಿಯ ಬೆನ್ನ ಹಿಂದಿನಿಂದ ಕೊಂಬಣ್ಣ ತುಟಿಯ ಮೇಲೆ ಬೆರಳಿಟ್ಟು, ಕಣ್ಣು ಮಿಟುಕಿಸಿ, ಕೈ ಮುಗಿದು, ತನಗೆ ತಿಳಿದ ಸನ್ನೆಗಳನ್ನೆಲ್ಲ ಮಾಡಿದ. ಎಂಥ ದೊಡ್ಡ ಮನುಷ್ಯ, ಮಾಡಿದ ಉಪಕಾರ ಹೆಂಡತಿಗೂ ಗೊತ್ತಾಗಬಾರದು ಅಂತಾರಲ್ಲ ಎಂದುಕೊಂಡು ದೊಡ್ಡಕ್ಕ ಬಾಯಿ ಮುಚ್ಚಿ, ಹಿಂದಿನ ಜಗಲಿಯಲ್ಲಿ, ನೀರಿಗೆ ತೀರಾ ಹತ್ತಿರದ ಮೇಜಿಗೆ ಕರೆದೊಯ್ದಳು. ಕೆಳಗೆ ಹಲಗೆಗೆ ಅಲೆ ಮೆತ್ತಗೆ ಬಡಿಯುತ್ತಿತ್ತು. ಬರೆಯುವವನು ಆಗಲೇ ಹಂಚಿ ಹೋಗಿದ್ದ ಹೊಸ ಕಾರ್ಡು ಬಂತು. ಶಾಯಿಯ ವಾಸನೆ ಇನ್ನೂ ಹೋಗಿರಲಿಲ್ಲ.

ಹೆಂಡತಿ ಅದನ್ನು ತೆರೆಯಲಿಲ್ಲ. ಚೀಲದಿಂದ ಒಂದು ಸಣ್ಣ ಪೊಟ್ಟಣ ತೆಗೆದು ಅವನ ಮುಂದಿಟ್ಟಳು. ಬಿಚ್ಚಿದರೆ, ಒಂದು ಹೊಸ ಕೆಂಪು ಪೆನ್ನು.

“ಇದೇನೇ ಇದು?”

“ಮೂರು ದಿನ ನೋಡಿದೆ ನಿಮ್ಮನ್ನ. ಕಣ್ಣು ಮುಚ್ಕೊಂಡು ಸಾರು ಕುಡಿಯೋದು, ರಾತ್ರಿ ಕನವರಿಸೋದು. ನನಗೋಸ್ಕರ ಇಷ್ಟು ಕಷ್ಟಪಟ್ರಲ್ಲ ಅಂತ ಮನಸ್ಸಿಗೆ ಹೇಗೋ ಆಯ್ತು.” ಅವಳ ದನಿ ಮೆತ್ತಗಾಯಿತು. “ಮೊದಲನೇ ದಿನ ಸೋಪು ತರೋಕೆ ಬಂದಾಗ ಇಲ್ಲಿ ಕಾರ್ಡು ನೋಡಿದ್ದೆ. ನಾನೇ ಎಣಿಸಿದೆ, ಮೂವತ್ತೊಂದು ತಪ್ಪು! ಇಡೀ ದ್ವೀಪದಲ್ಲಿ ಇಂಥ ಕಾರ್ಡು ಇಲ್ಲ. ಅದಕ್ಕೇ ಈ ಜಾಗ ಹೇಳಿಟ್ಟೆ. ತಗೊಳ್ಳಿ, ಇವತ್ತು ನನ್ನ ಎದುರಿಗೇ ಮನಸ್ಸು ತೃಪ್ತಿಯಾಗೋ ಹಾಗೆ ತಿದ್ದಿ. ನಾನು ನೋಡ್ತಾ ಕೂತಿರ್ತೀನಿ.”

ಜೀವಮಾನದಲ್ಲಿ ಯಾರೂ ಕೊಂಬಣ್ಣನಿಗೆ ಇಂಥ ಉಡುಗೊರೆ ಕೊಟ್ಟಿರಲಿಲ್ಲ. ಅವನು ಕಾರ್ಡು ತೆರೆದ. ಮೊದಲ ಸಾಲು ಸರಿ. ಎರಡನೆಯದು ಸರಿ. ಕೊಂಬುಗಳೆಲ್ಲ ಅಕ್ಷರಗಳಿಗೆ ಅಂಟಿಕೊಂಡಿದ್ದವು, ದೀರ್ಘಗಳು ಒಂದೂ ತಪ್ಪಿರಲಿಲ್ಲ. ಹೇಗೆ ತಪ್ಪೀತು? ಮಧ್ಯಾಹ್ನ ಹೊಟ್ಟೆಗಿಲ್ಲದೆ ಕೂತು ನೋಡಿದವನು ಅವನೇ.

“ಹೂಂ, ಶುರು ಮಾಡಿ,” ಎಂದಳು ಹೆಂಡತಿ, ಕೈಗೆ ಗಲ್ಲ ಊರಿ.

ಈಗ ಹೇಳಿಬಿಡಬೇಕು ಎಂದು ಅವನಿಗೆ ಅನಿಸಿತು. ನಿಜ ಹೇಳಿದ್ದರೆ ಬಹುಶಃ ಅವಳು ನಕ್ಕುಬಿಡುತ್ತಿದ್ದಳು. ಆದರೆ ಅವಳ ಮುಖದಲ್ಲಿದ್ದ ಸಂತೋಷವನ್ನು ನೋಡಿ ಅವನಿಗೆ ಧೈರ್ಯ ಬರಲಿಲ್ಲ. ಒಂದು ತಪ್ಪಾದರೂ ಬೇಕಿತ್ತು. ಇಪ್ಪತ್ತಾರು ವರ್ಷ ತಪ್ಪು ತಿದ್ದಿದ ಕೈ ಕೆಂಪು ಪೆನ್ನಿನ ಮುಚ್ಚಳ ತೆಗೆಯಿತು. ಸರಿಯಾಗಿದ್ದ ‘ಅನಾನಸ್’ನ ‘ಅ’ಕಾರಕ್ಕೆ ಅಡ್ಡ ಗೀಟು ಎಳೆದು, ಅದರ ಮೇಲೆ ‘ಹ’ ಎಂದು ಬರೆಯಿತು.

“ನೋಡು, ಇಲ್ಲೊಂದು ಸಿಕ್ತು,” ಎಂದ ತಲೆ ಎತ್ತದೆ.

ನೀರಿನ ಲೋಟ ಇಡಲು ಬಂದಿದ್ದ ದೊಡ್ಡಕ್ಕ ಅದನ್ನು ಕಂಡು ಹೌಹಾರಿದಳು. ಎಷ್ಟು ಹೊತ್ತು ಅಂತ ಆಕೆಯೂ ಬಾಯಿ ಕಟ್ಟಿಕೊಂಡಿದ್ದಾಳು?

“ಸಾರ್! ಬೆಳಿಗ್ಗೆ ನೀವೇ ಹ ತೆಗೆಸಿದ್ರಿ, ಈಗ ನೀವೇ ಹ ಹಾಕ್ತೀರಾ? ನಲವತ್ತಮೂರು ಕಾರ್ಡು ಕಟ್ಟೇಲಿ ಕೂತು ಬರೆಸಿ, ಏಳು ಹೋಟೆಲಿಗೂ ಕಳಿಸಿದ್ದು ನೀವೇ ಅಲ್ವಾ? ಈಗ ಎಲ್ಲ ಮತ್ತೆ ಬರೆಸ್ಬೇಕಾ?”

ಹೆಂಡತಿ ಕಾರ್ಡನ್ನು ತನ್ನ ಕಡೆ ಎಳೆದುಕೊಂಡು ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ಓದಿದಳು. ಆಮೇಲೆ ಅವನ ಕಪ್ಪು ಬೆರಳುಗಳನ್ನು ನೋಡಿದಳು.

“ನೇರಳೆ ಹಣ್ಣು,” ಎಂದಳು.

“ಅದು... ಒಂದೇ ಅಕ್ಷರ ಅಂತ ಶುರು ಮಾಡಿದ್ದು ಕಣೇ...”

“ತಿದ್ದಿದ್ದಕ್ಕೆ ನನಗೆ ಬೇಜಾರಿಲ್ಲ ರೀ. ಅದನ್ನ ಮುಚ್ಚಿಡೋಕೆ ಸರಿಯಿದ್ದದ್ದನ್ನ ಕೆಡಿಸಿದ್ರಲ್ಲ, ಅದೂ ನಾನು ಕೊಟ್ಟ ಪೆನ್ನಲ್ಲಿ. ಅದು ಬೇಜಾರು. ಇನ್ಮೇಲೆ ಮನೇಲೇ ಊಟ. ಮಾತು ಅಂದ್ರೆ ಮಾತು.” ದನಿ ಏರಲಿಲ್ಲ, ಏರಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವಳು ಪೆನ್ನನ್ನು ಅವನ ಕೈಯಿಂದ ತೆಗೆದುಕೊಂಡು, ಆರ್ಡರ್ ಚೀಟಿಯ ಮೇಲೆ ಎರಡು ಸಾಲು ಬರೆದು, ದೊಡ್ಡಕ್ಕನಿಗೆ ಕೊಟ್ಟಳು.

ಬೆಳಗಿನ ಪಾಠ ಮರೆಯದ ದೊಡ್ಡಕ್ಕ ಚೀಟಿಯನ್ನು ದೀಪಕ್ಕೆ ಹಿಡಿದು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. “ಏ-ಡಿ ಸಾರು, ಅನ್ನ, ಬಾಳೆಕಾಯಿ: ನನಗೆ. ಹೇ-ಡಿಗೆ: ಬರೀ ಗಂಜಿ.” ಆಕೆಯ ಹುಬ್ಬು ಗಂಟಿಕ್ಕಿತು. “ಅಮ್ಮಾ, ಮೇಲೆ ಸರಿಯಾಗಿ ಏಡಿ ಅಂತ ಬರೆದು ಕೆಳಗೆ ಹೇಡಿ ಅಂತ ಬರೆದುಬಿಟ್ಟಿದೀರಲ್ಲ. ಸಾರ್, ಇಲ್ಲಿ ಹ ಬರಬಾರದು ಅಲ್ವಾ? ತಿದ್ದಿಕೊಡಿ.”

ಕೊಂಬಣ್ಣ ಚೀಟಿ ತೆಗೆದುಕೊಂಡು ಓದಿದ. ಹೆಂಡತಿಯ ಕಡೆ ನೋಡಿದ. ಅವಳು ಕಡಲು ನೋಡುತ್ತಿದ್ದಳು.

“ಇಲ್ಲಮ್ಮ,” ಎಂದು ಚೀಟಿಯನ್ನು ಹಿಂದಕ್ಕೆ ಕೊಟ್ಟ. “ಸರಿಯಾಗೇ ಬರೆದಿದ್ದಾಳೆ.”